ಹನ್ನೆರಡು ವರ್ಷಗಳ ನಂತರ ಪಿಯುಸಿ: ಬಳ್ಳಾರಿಯ ಒಬ್ಬ ಖಾಸಗಿ ಅಭ್ಯರ್ಥಿಯ ಪ್ರಕರಣ

2022ರ ಜೂನ್ ತಿಂಗಳ ಒಂದು ಭಾನುವಾರ, ಬಳ್ಳಾರಿಯ ಕೌಲ್‌ಬಜಾರಿನ ಇಪ್ಪತ್ತೆಂಟು ವರ್ಷದ ಮಹಿಳೆಯೊಬ್ಬರು ತಮ್ಮ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದರು. ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತನಾದ ನನ್ನ ಬಳಿ, ಓದು ನಿಲ್ಲಿಸಿ ಮತ್ತೆ ಪಿಯುಸಿ ಬರೆಯಬಯಸುವ ಇಂಥವರು ವರ್ಷಕ್ಕೆ ಒಬ್ಬಿಬ್ಬರು ಬರುತ್ತಾರೆ. ಹೆಚ್ಚಿನವರು ಅರ್ಜಿಯ ಹಂತವನ್ನೇ ದಾಟುವುದಿಲ್ಲ. ಇವರು ದಾಟಿದರು, ಪರೀಕ್ಷೆ ಬರೆದರು, ಒಂದು ವಿಷಯದಲ್ಲಿ ಅನುತ್ತೀರ್ಣರಾದರು, ಮತ್ತೆ ಬರೆದು ಪದವಿ ತರಗತಿಗೆ ಸೇರಿದರು. ಈ ಹಾದಿಯಲ್ಲಿ ಯಾವುದು ಸುಲಭವೆಂದು ನಾವು ಅಂದುಕೊಂಡಿದ್ದೆವೋ ಅದೇ ಕಷ್ಟವಾಯಿತು. ಹಾಗಾಗಲು ಮಾರ್ಗದರ್ಶನ ಮಾಡಿದ ನನ್ನ ಲೆಕ್ಕಾಚಾರವೂ ಒಂದು ಕಾರಣ. ಅಭ್ಯರ್ಥಿಯ ಒಪ್ಪಿಗೆ ಪಡೆದು, ಅವರ ಗುರುತು ತಿಳಿಯದಂತೆ ಈ ಪ್ರಕರಣವನ್ನು ಬರೆದಿಡುತ್ತಿದ್ದೇನೆ.

ಹಿನ್ನೆಲೆ

ಅವರ ಮನೆಮಾತು ತೆಲುಗು, ಓದಿದ್ದು ಸರ್ಕಾರಿ ಪ್ರೌಢಶಾಲೆಯ ಕನ್ನಡ ಮಾಧ್ಯಮದಲ್ಲಿ. 2010ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಪ್ರಥಮ ಪಿಯುಸಿಗೆ ಸೇರಿದವರು ಒಂದೇ ತಿಂಗಳಿಗೆ ಕಾಲೇಜು ಬಿಟ್ಟರು, ಏಕೆಂದರೆ ಆ ವರ್ಷ ತಂದೆ ಕೆಲಸ ಮಾಡಲಾಗದ ಸ್ಥಿತಿಗೆ ಬಂದಿದ್ದರು. ಅಂದಿನಿಂದ ಜೀನ್ಸ್ ಹೊಲಿಗೆಯೇ ಅವರ ಬದುಕಾಯಿತು. ಬಳ್ಳಾರಿಯ ಜೀನ್ಸ್ ದೇಶದ ಹಲವು ಊರುಗಳ ಅಂಗಡಿಗಳಿಗೆ ಹೋಗುತ್ತದೆ. ಅದನ್ನು ಹೊಲಿಯುವವರಲ್ಲಿ ಬಹುಪಾಲು ಜನ ಕೂಲಿ ಎಣಿಸುವುದು ದಿನದ ಲೆಕ್ಕದಲ್ಲಲ್ಲ, ಪೀಸಿನ ಲೆಕ್ಕದಲ್ಲಿ. ಬೆಳಿಗ್ಗೆ ಒಂಬತ್ತೂವರೆಗೆ ಓವರ್‌ಲಾಕ್ ಮಷಿನ್ ಮುಂದೆ ಕುಳಿತರೆ ಸಂಜೆ ಏಳರವರೆಗೂ ಅವರಿಗೆ ಬಿಡುವಿರಲಿಲ್ಲ. ಪತಿ ಗೂಡ್ಸ್ ಆಟೋ ಓಡಿಸುತ್ತಾರೆ. ಮಗಳು ಆಗ ಎರಡನೆಯ ತರಗತಿಯಲ್ಲಿದ್ದಳು.

ಪದವಿ ಏಕೆ ಬೇಕು ಎಂದು ಕೇಳಿದಾಗ ಅವರು ಕೊಟ್ಟ ಉತ್ತರ ನೇರವಾಗಿತ್ತು. ಬಿ.ಎ. ಮತ್ತು ಬಿ.ಎಡ್. ಮುಗಿಸಿ ಶಿಕ್ಷಕಿಯಾಗಬೇಕು, ಅದಾಗದಿದ್ದರೆ ಪದವಿಯ ಮೇಲೆ ಸಿಗುವ ಯಾವುದಾದರೂ ಸರ್ಕಾರಿ ಹುದ್ದೆಗೆ ಪರೀಕ್ಷೆ ಬರೆಯಬೇಕು. ಮುಂದಿನ ಎಲ್ಲ ತೀರ್ಮಾನಗಳೂ ಈ ಉತ್ತರದಿಂದಲೇ ಹೊರಟವು. ಕೇವಲ ಒಂದು ಪದವಿ ಸಾಕು ಎಂದಿದ್ದರೆ ದಾರಿ ಬೇರೆಯೇ ಆಗುತ್ತಿತ್ತು.

ದಾರಿಯ ಆಯ್ಕೆ

ಹತ್ತನೆಯ ತರಗತಿಗೆ ಓದು ನಿಲ್ಲಿಸಿದವರು ವಿಶ್ವವಿದ್ಯಾಲಯದ ಬಾಗಿಲು ತಲುಪಲು ಸಾಮಾನ್ಯವಾಗಿ ಮೂರು ದಾರಿಗಳ ಹೆಸರು ಕೇಳಿಬರುತ್ತದೆ. ಮೊದಲನೆಯದು, ಪಿಯುಸಿಯನ್ನು ಬಿಟ್ಟೇ ಮುಕ್ತ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯ ಮೂಲಕ ಪದವಿ ಹಿಡಿಯುವುದು. ಹಿಂದೆ ಈ ಬಗೆಯಲ್ಲಿ ಪದವಿ ಪಡೆದ ಹಲವರು ಮುಂದೆ ನೇಮಕಾತಿಯ ದಾಖಲೆ ಪರಿಶೀಲನೆಯಲ್ಲಿ ‘ಹನ್ನೆರಡನೆಯ ತರಗತಿ ಎಲ್ಲಿ’ ಎಂಬ ಪ್ರಶ್ನೆಗೆ ಸಿಕ್ಕಿಬಿದ್ದು ಕಚೇರಿಯಿಂದ ಕಚೇರಿಗೆ ಅಲೆದದ್ದನ್ನು ನಾನು ಬಲ್ಲೆ. ಶಿಕ್ಷಕ ಹುದ್ದೆಯ ಗುರಿ ಇಟ್ಟುಕೊಂಡವರಿಗೆ ಇದು ಸಲ್ಲದು ಎಂದು ಮೊದಲ ದಿನವೇ ಹೇಳಿದೆ.

ಎರಡನೆಯದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಜನರು ಎನ್‌ಐಒಎಸ್ ಎಂದು ಕರೆಯುವ, 1989ರಲ್ಲಿ ಸ್ಥಾಪನೆಯಾದ ಸಂಸ್ಥೆಯ, ಹನ್ನೆರಡನೆಯ ತರಗತಿಗೆ ಸಮನಾದ ಹಿರಿಯ ಪ್ರೌಢ ಪರೀಕ್ಷೆ. ಇದರ ಅನುಕೂಲಗಳನ್ನು ಕಡೆಗಣಿಸುವಂತಿಲ್ಲ. ಐದು ವಿಷಯ ಸಾಕು, ಉತ್ತೀರ್ಣಕ್ಕೆ ಶೇ. 33 ಅಂಕ ಸಾಕು, ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್ ಎಂದು ವರ್ಷಕ್ಕೆ ಎರಡು ಸಾರ್ವಜನಿಕ ಪರೀಕ್ಷೆಗಳಿವೆ, ಒಮ್ಮೆ ದಾಖಲಾದರೆ ಐದು ವರ್ಷಗಳಲ್ಲಿ ಒಂಬತ್ತು ಅವಕಾಶಗಳಿವೆ, ತೇರ್ಗಡೆಯಾದ ವಿಷಯದ ಅಂಕ ಹಾಗೆಯೇ ಉಳಿಯುತ್ತದೆ. ಬೇರೆ ಮಂಡಳಿಯಲ್ಲಿ ಕೆಲವು ವಿಷಯ ಪಾಸಾಗಿ ಕೆಲವು ಬಾಕಿ ಉಳಿಸಿಕೊಂಡವರಿಗೆ ಎರಡು ವಿಷಯಗಳವರೆಗೆ ಅಂಕ ವರ್ಗಾವಣೆಯೂ ಉಂಟು. ಊರೂರು ವರ್ಗವಾಗುವ ನೌಕರರ ಮಕ್ಕಳಿಗೆ, ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಓದಬಲ್ಲವರಿಗೆ ನಾನು ಇದನ್ನೇ ಸೂಚಿಸುತ್ತೇನೆ. ಆದರೆ ನಮ್ಮ ಅಭ್ಯರ್ಥಿಗೆ ಬೇಕಾಗಿದ್ದುದು ಕನ್ನಡದಲ್ಲಿ ಪಠ್ಯಪುಸ್ತಕ, ಕನ್ನಡದಲ್ಲಿ ಹಳೆಯ ಪ್ರಶ್ನೆಪತ್ರಿಕೆ, ಪಕ್ಕದ ಬೀದಿಯಲ್ಲೇ ಕೇಳಿ ಪಡೆಯಬಹುದಾದ ನೋಟ್ಸ್. ಇವು ಮೂರೂ ಧಾರಾಳವಾಗಿ ಸಿಗುವುದು ಪಿಯುಸಿಗೆ ಮಾತ್ರ. ಇದಲ್ಲದೆ ಎನ್‌ಐಒಎಸ್‌ನಿಂದ ಬಂದವರು ಪದವಿ ಸೇರುವಾಗ ವಲಸೆ ಪ್ರಮಾಣಪತ್ರವನ್ನೂ ಒದಗಿಸಬೇಕಾಗುತ್ತದೆ; ನಮ್ಮದೇ ರಾಜ್ಯದ ಮಂಡಳಿಯಿಂದ ಬಂದವರಿಗೆ ಆ ಒಂದು ಹೆಜ್ಜೆ ಬೇಕಾಗುವುದಿಲ್ಲ.

ಹೀಗಾಗಿ ಮೂರನೆಯ ದಾರಿಯನ್ನು ಹಿಡಿದೆವು: ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ದ್ವಿತೀಯ ಪಿಯುಸಿ ಪರೀಕ್ಷೆಯನ್ನು ಖಾಸಗಿ ಅಭ್ಯರ್ಥಿಯಾಗಿ, ಅಂದರೆ ಕಾಲೇಜಿಗೆ ಸೇರದೆ, ನೇರವಾಗಿ ಬರೆಯುವುದು. ಪ್ರಯೋಗಾಲಯ ಬೇಕಾದ ವಿಜ್ಞಾನ ವಿಭಾಗ ಈ ದಾರಿಯಲ್ಲಿ ಬರುವುದಿಲ್ಲ. ಅವರಿಗೆ ಬೇಕಾಗಿದ್ದುದು ಕಲಾ ವಿಭಾಗವೇ ಆದ್ದರಿಂದ ತೊಂದರೆಯಾಗಲಿಲ್ಲ. ಕನ್ನಡ ಮತ್ತು ಇಂಗ್ಲಿಷ್ ಭಾಷೆಗಳ ಜೊತೆಗೆ ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ಎಂಬ ಹಳೆಯ ಜೋಡಣೆಯನ್ನು ಆರಿಸಿದೆವು. ತೆಲುಗನ್ನು ಒಂದು ಭಾಷೆಯಾಗಿ ತೆಗೆದುಕೊಳ್ಳಬಹುದಿತ್ತಲ್ಲ ಎಂದು ಅವರ ಅಣ್ಣ ಕೇಳಿದ್ದುಂಟು. ಮನೆಯಲ್ಲಿ ಆಡುವುದು ಬೇರೆ, ನೂರು ಅಂಕಕ್ಕೆ ಬರೆಯುವುದು ಬೇರೆ. ಅವರಿಗೆ ತೆಲುಗು ಲಿಪಿಯೇ ಬರುತ್ತಿರಲಿಲ್ಲ.

ನೋಂದಣಿಯಲ್ಲಿ ಎದುರಾದ ಏಕೈಕ ತೊಡಕು ಹೆಸರಿನದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ತಂದೆಯ ಇನಿಷಿಯಲ್ ಇತ್ತು, ಆಧಾರ್ ಕಾರ್ಡಿನಲ್ಲಿ ಮುಂದೆ ಗಂಡನ ಹೆಸರಿತ್ತು. ಪರೀಕ್ಷೆಯ ಅರ್ಜಿಯಲ್ಲಿ ಎಸ್‌ಎಸ್‌ಎಲ್‌ಸಿಯಲ್ಲಿರುವಂತೆಯೇ ಅಕ್ಷರ ಬಿಡದೆ ತುಂಬಿಸಿದೆ. ಆಧಾರ್ ತಿದ್ದುಪಡಿಯನ್ನು ಆಮೇಲೆ ನೋಡಿಕೊಳ್ಳೋಣ ಎಂದು ಹೇಳಿದೆ. ಆ ‘ಆಮೇಲೆ’ ಎಷ್ಟು ದುಬಾರಿಯಾಯಿತು ಎಂಬುದು ಮುಂದೆ ಬರುತ್ತದೆ.

ಸಿದ್ಧತೆ

ಬೆಳಗಿನ ನಾಲ್ಕೂವರೆಯಿಂದ ಆರೂವರೆಯವರೆಗಿನ ಎರಡು ಗಂಟೆಯಷ್ಟೇ ಅವರ ಓದಿನ ಸಮಯ. ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಮೂರು ಗಂಟೆ. ಹೊಲಿಗೆ ಘಟಕದಲ್ಲಿ ಕರೆಂಟು ಹೋದಾಗ ಉಳಿದವರು ಹರಟುತ್ತಿದ್ದರೆ ಇವರು ಚೀಲದಿಂದ ಒಂದು ಅಂಕದ ಪ್ರಶ್ನೋತ್ತರದ ಹಾಳೆ ತೆಗೆಯುತ್ತಿದ್ದರು. ಪಠ್ಯಪುಸ್ತಕಗಳನ್ನು ನೆರೆಮನೆಯ ಹುಡುಗಿಯಿಂದ ಪಡೆದಿದ್ದರು. ಅವುಗಳ ಅಂಚಿನಲ್ಲಿ ಆ ಹುಡುಗಿ ಪೆನ್ಸಿಲ್‌ನಲ್ಲಿ ಬರೆದುಕೊಂಡ ಗುರುತುಗಳು ನನ್ನ ಪಾಠಕ್ಕಿಂತ ಹೆಚ್ಚು ಉಪಕಾರ ಮಾಡಿರಬಹುದು.

ನಾನು ಅಂಜಿದ್ದು ಅರ್ಥಶಾಸ್ತ್ರಕ್ಕೆ. ಒಟ್ಟು ಉತ್ಪನ್ನ, ಸರಾಸರಿ ಉತ್ಪನ್ನ, ಸೀಮಾಂತ ಉತ್ಪನ್ನ ಎಂಬ ಕೋಷ್ಟಕಗಳ ಮುಂದೆ ಹದಿನೇಳರ ಹುಡುಗರೇ ತಡವರಿಸುತ್ತಾರೆ. ಆದರೆ ಇಲ್ಲಿ ನಡೆದದ್ದು ಬೇರೆ. ನಾಲ್ಕು ಮಷಿನ್ ಇರುವಲ್ಲಿ ನಾಲ್ಕನೆಯ ಹೊಲಿಗೆಯವರು ಬಂದರೆ ಎಷ್ಟು ಪ್ಯಾಂಟ್ ಹೆಚ್ಚಾಗುತ್ತದೆ, ಐದನೆಯವರು ಬಂದರೆ ಏಕೆ ಅಷ್ಟು ಹೆಚ್ಚಾಗುವುದಿಲ್ಲ ಎಂದು ಕೇಳಿದೆ. ಅವರು ನಕ್ಕು, ಐದನೆಯವರಿಗೆ ಕೂರಲು ಮಷಿನ್ ಇಲ್ಲ, ಅವರು ದಾರ ಕತ್ತರಿಸುತ್ತಾರಷ್ಟೇ ಎಂದರು. ಇಳಿಮುಖ ಪ್ರತಿಫಲದ ನಿಯಮ ಅಲ್ಲಿಗೆ ಮುಗಿಯಿತು. ಸಮಾಜಶಾಸ್ತ್ರದಲ್ಲಿ, ಜನಸಂಖ್ಯೆ ಮತ್ತು ಭೂಮಿಯ ಬಲದಿಂದ ಊರಿನ ಮೇಲೆ ಹಿಡಿತವಿರುವ ಜಾತಿ ಎಂಬರ್ಥದ, ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರ ‘ಪ್ರಬಲ ಜಾತಿ’ಯ ಪರಿಕಲ್ಪನೆಯನ್ನು ತಾಯಿಯ ಊರಿನ ಉದಾಹರಣೆ ಕೊಟ್ಟು ಅವರೇ ನನಗೆ ವಿವರಿಸಿದರು. ಇತಿಹಾಸದಲ್ಲಿ ಭಾರತದ ನಕ್ಷೆಯ ಮೇಲೆ ಐದು ಸ್ಥಳಗಳನ್ನು ಗುರುತಿಸಿ ಪ್ರತಿಯೊಂದಕ್ಕೂ ಎರಡು ವಾಕ್ಯದ ಟಿಪ್ಪಣಿ ಬರೆಯುವ ಪ್ರಶ್ನೆ ಇರುತ್ತದೆ. ಹಂಪಿಯನ್ನು ಹತ್ತಾರು ಬಾರಿ ನೋಡಿದವರು ಮೊದಲ ಸಲ ಅದನ್ನು ನಕ್ಷೆಯಲ್ಲಿ ಆಂಧ್ರದ ಕರಾವಳಿಯ ಬಳಿ ಇಟ್ಟರು. ಕಂಡ ಊರೂ ಕಾಗದದ ಮೇಲೆ ಕಳೆದುಹೋಗುತ್ತದೆ. ದಿನಕ್ಕೊಂದು ಖಾಲಿ ನಕ್ಷೆ ತುಂಬಿಸುವ ಅಭ್ಯಾಸ ಹಾಕಿದ ಮೇಲೆ ಆ ಪ್ರಶ್ನೆಯ ಚಿಂತೆ ಉಳಿಯಲಿಲ್ಲ.

ನಿಜವಾದ ಅಡ್ಡಿ ಕಾಣಿಸಿದ್ದು ನವೆಂಬರಿನಲ್ಲಿ, ಮೊದಲ ಪೂರ್ಣ ಪತ್ರಿಕೆಯನ್ನು ಗಡಿಯಾರ ಇಟ್ಟು ಬರೆಸಿದಾಗ. ಓದಲು ಕೊಡುವ ಹದಿನೈದು ನಿಮಿಷ ಸೇರಿ ಆಗ ಪರೀಕ್ಷೆಗೆ ಮೂರು ಗಂಟೆ ಹದಿನೈದು ನಿಮಿಷ ಇತ್ತು. ಅವರು ಅಷ್ಟು ಹೊತ್ತಿನಲ್ಲಿ ನಲವತ್ತೆರಡು ಅಂಕದಷ್ಟು ಮಾತ್ರ ಬರೆದಿದ್ದರು. ಬಾಯಲ್ಲಿ ಕೇಳಿದರೆ ಎಲ್ಲಕ್ಕೂ ಉತ್ತರವಿತ್ತು. “ಗೊತ್ತೈತಿ ಸರ್, ಬರಿಯಾಕ ಕೈಯೇ ಬರವಲ್ದು” ಎಂದು ಬೆರಳು ಹಿಸುಕಿಕೊಂಡರು. ಹನ್ನೆರಡು ವರ್ಷ ಬಟ್ಟೆಯನ್ನು ಸೂಜಿಯ ಕೆಳಗೆ ತಳ್ಳಿದ ಕೈಗೆ ಪೆನ್ನು ಹಿಡಿಯುವ ಸ್ನಾಯುವೇ ಮರೆತಿತ್ತು. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಎರಡು ಅಂಕದ ಪ್ರಶ್ನೆಗೂ ಹತ್ತು ಅಂಕದ ಪ್ರಶ್ನೆಗೂ ಅವರು ಒಂದೇ ಉದ್ದದ ಉತ್ತರ ಬರೆಯುತ್ತಿದ್ದರು. ತರಗತಿಯಲ್ಲಿ ಕೂತ ಮಕ್ಕಳಿಗೆ ಇದು ಕಿರುಪರೀಕ್ಷೆ, ಅರ್ಧವಾರ್ಷಿಕ, ಪೂರ್ವಸಿದ್ಧತಾ ಪರೀಕ್ಷೆಗಳಲ್ಲಿ ತಾನಾಗಿ ಮೈಗೂಡುತ್ತದೆ. ಖಾಸಗಿ ಅಭ್ಯರ್ಥಿಗೆ ಇವು ಯಾವುವೂ ಇಲ್ಲ. ಅವರು ನೇರವಾಗಿ ಕೊನೆಯ ಪರೀಕ್ಷೆಗೇ ಕೂರುತ್ತಾರೆ. ಪಠ್ಯ ಮುಗಿಯಿತೇ ಎಂದು ವಿಚಾರಿಸುತ್ತಾ ಐದು ತಿಂಗಳು ಕಳೆದ ನಾನು, ಜುಲೈಯಿಂದಲೇ ವಾರಕ್ಕೊಂದು ಪತ್ರಿಕೆ ಬರೆಸಬೇಕಿತ್ತು.

ಅಲ್ಲಿಂದ ಓದುವ ಸಮಯವನ್ನು ಅರ್ಧಕ್ಕಿಳಿಸಿ ಬರೆಯುವುದಕ್ಕೆ ಕೊಟ್ಟೆವು. ಮೊದಲು ಇಪ್ಪತ್ತು ನಿಮಿಷ ನಿಲ್ಲಿಸದೆ ಬರೆಯುವುದು, ನಂತರ ಮುಕ್ಕಾಲು ಗಂಟೆ, ಆಮೇಲೆ ಒಂದೂವರೆ ಗಂಟೆ. ಎರಡು ಅಂಕಕ್ಕೆ ಮೂರು ಸಾಲು, ಐದು ಅಂಕಕ್ಕೆ ಮುಕ್ಕಾಲು ಪುಟ, ಹತ್ತು ಅಂಕಕ್ಕೆ ಎರಡು ಪುಟ ಎಂಬ ಅಳತೆಯನ್ನು ಅವರೇ ಹೊಲಿಗೆಯ ಅಳತೆಯಂತೆ ಗೋಡೆಗೆ ಅಂಟಿಸಿಕೊಂಡರು. ಫೆಬ್ರವರಿಯ ಕೊನೆಗೆ ಇತಿಹಾಸದ ಪತ್ರಿಕೆಯನ್ನು ಹತ್ತು ನಿಮಿಷ ಉಳಿಸಿ ಮುಗಿಸಿದರು.

ಇಷ್ಟೆಲ್ಲದರ ನಡುವೆ ಇಂಗ್ಲಿಷ್ ಹಿಂದೆ ಬಿತ್ತು. ಎಸ್‌ಎಸ್‌ಎಲ್‌ಸಿಯಲ್ಲಿ ಇಂಗ್ಲಿಷಿನಲ್ಲಿ ಪಾಸಾಗಿದ್ದಾರೆ, ಮೂವತ್ತೈದು ಅಂಕ ಹೇಗಾದರೂ ಬರುತ್ತದೆ ಎಂದು ನಾನು ಭಾವಿಸಿದ್ದೆ. ಒಂದು ಗೈಡ್ ಕೊಡಿಸಿ, ಪದ್ಯ ಮತ್ತು ಪಾಠಗಳ ಸಾರಾಂಶವನ್ನು ಬಾಯಿಪಾಠ ಮಾಡಲು ಹೇಳಿ ಸುಮ್ಮನಾದೆ. ನನ್ನ ವಿಷಯವಲ್ಲ ಎಂಬ ಉದಾಸೀನವೂ ಅದರಲ್ಲಿತ್ತು ಎಂದು ಒಪ್ಪಿಕೊಳ್ಳಲೇಬೇಕು.

ಪರೀಕ್ಷೆ ಮತ್ತು ಫಲಿತಾಂಶ

2023ರ ದ್ವಿತೀಯ ಪಿಯುಸಿ ಪರೀಕ್ಷೆ ಮಾರ್ಚ್ 9ರಂದು ಕನ್ನಡ ಪತ್ರಿಕೆಯೊಂದಿಗೆ ಆರಂಭವಾಗಿ ಮಾರ್ಚ್ 29ರವರೆಗೆ ನಡೆಯಿತು. ಬೆಳಿಗ್ಗೆ 10:15ರಿಂದ ಮಧ್ಯಾಹ್ನ 1:30ರವರೆಗಿನ ಸಮಯವಾದ್ದರಿಂದ ಆ ದಿನಗಳ ಕೂಲಿ ಪೂರ್ತಿ ಹೋಯಿತು. ಕೇಂದ್ರದಲ್ಲಿ ಸಮವಸ್ತ್ರದ ಹುಡುಗಿಯರ ನಡುವೆ ಸೀರೆಯುಟ್ಟು ಸಾಲಿನಲ್ಲಿ ನಿಂತ ಇವರನ್ನು ಮೇಲ್ವಿಚಾರಕರೆಂದು ತಿಳಿದು ಒಬ್ಬಳು ಕೊಠಡಿ ಸಂಖ್ಯೆ ಕೇಳಿದಳಂತೆ. ಬಳ್ಳಾರಿಯ ಮಾರ್ಚ್ ಬಿಸಿಲಿನ ಬಗ್ಗೆ ಇಲ್ಲಿಯವರಿಗೆ ಹೇಳಬೇಕಾದ್ದಿಲ್ಲ; ಒದ್ದೆ ಕರವಸ್ತ್ರವನ್ನು ಅಂಗೈ ಕೆಳಗೆ ಇಟ್ಟುಕೊಂಡು ಬರೆದರೆ ಉತ್ತರ ಪತ್ರಿಕೆಗೆ ತೇವ ತಾಕುತ್ತದೆಂದು ಒಣ ಟವೆಲ್ಲನ್ನೇ ಒಯ್ದಿದ್ದರು. ಪರೀಕ್ಷೆಗಳ ನಡುವೆಯೇ, 22ರಂದು, ಯುಗಾದಿ ಬಂತು. ಮನೆ ಸಾರಿಸುವುದು, ಹೋಳಿಗೆ, ನೆಂಟರು, ಎಲ್ಲವೂ ಇಂಗ್ಲಿಷಿಗೆ ಮೀಸಲಿಟ್ಟ ದಿನಗಳನ್ನೇ ತಿಂದುಹಾಕಿದವು. ಅತ್ತೆಯವರು ಆ ಒಂದು ಹಬ್ಬಕ್ಕೆ ಬಿಟ್ಟುಕೊಡಲಿಲ್ಲ. ಉಳಿದ ಇಪ್ಪತ್ತು ದಿನ ಅಡುಗೆ ಅವರೇ ಮಾಡಿದ್ದರು ಎಂಬುದನ್ನೂ ಹೇಳುವುದು ನ್ಯಾಯ.

ಏಪ್ರಿಲ್ 21ರಂದು ಫಲಿತಾಂಶ ಬಂತು. ಆ ವರ್ಷ ರಾಜ್ಯದ ಒಟ್ಟು ಫಲಿತಾಂಶ ಶೇ. 74.67. ನಮ್ಮ ಅಭ್ಯರ್ಥಿಗೆ ಕನ್ನಡದಲ್ಲಿ 71, ಸಮಾಜಶಾಸ್ತ್ರದಲ್ಲಿ 66, ಇತಿಹಾಸದಲ್ಲಿ 64, ರಾಜ್ಯಶಾಸ್ತ್ರದಲ್ಲಿ 58, ನಾನು ಅಂಜಿದ್ದ ಅರ್ಥಶಾಸ್ತ್ರದಲ್ಲಿ 43, ಇಂಗ್ಲಿಷಿನಲ್ಲಿ 29. ಆಗಿನ ನಿಯಮದಂತೆ ಪ್ರತಿ ವಿಷಯದಲ್ಲೂ 35 ಬೇಕಿತ್ತು. ಎರಡು ದಿನ ಅವರು ಫೋನ್ ಎತ್ತಲಿಲ್ಲ. ಮೂರನೆಯ ದಿನ ಅವರ ಪತಿ ಬಂದು, ಮರುಮೌಲ್ಯಮಾಪನಕ್ಕೆ ಹಾಕಿದರೆ ಆರು ಅಂಕ ಸಿಗಬಹುದೇ ಎಂದು ಕೇಳಿದರು.

ಮರುಮೌಲ್ಯಮಾಪನಕ್ಕೆ ಒಂದು ವಿಷಯಕ್ಕೆ 1,670 ರೂಪಾಯಿ ಶುಲ್ಕವಿತ್ತು. ಅದಕ್ಕೂ ಮೊದಲು 530 ರೂಪಾಯಿ ಕಟ್ಟಿ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ಪಡೆಯಬೇಕಿತ್ತು. ಮೊದಲ ಮೊತ್ತವನ್ನು ಮಾತ್ರ ಕಟ್ಟೋಣ, ಪ್ರತಿ ನೋಡಿ ಮುಂದಿನದನ್ನು ತೀರ್ಮಾನಿಸೋಣ ಎಂದೆ. ಇಡೀ ಪ್ರಕರಣದಲ್ಲಿ ನಾನು ಕೊಟ್ಟ ಸಲಹೆಗಳಲ್ಲಿ ತೂಕದ್ದು ಇದೊಂದೇ ಎಂದು ಈಗ ಅನಿಸುತ್ತದೆ.

ಪ್ರತಿಯನ್ನು ಮುದ್ರಿಸಿಕೊಂಡು, ಇಂಗ್ಲಿಷ್ ಕಲಿಸುವ ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಮುಂದೆ ಹರಡಿದೆವು. ಮೌಲ್ಯಮಾಪಕರು ಕೈಬಿಗಿ ಹಿಡಿದಿರಲಿಲ್ಲ; ಕೊಡಬಹುದಾದಲ್ಲೆಲ್ಲ ಕೊಟ್ಟಿದ್ದರು. ಗೈಡಿನಿಂದ ಬಾಯಿಪಾಠ ಮಾಡಿದ ದೊಡ್ಡ ಉತ್ತರಗಳು ಐದು ಪುಟ ತುಂಬಿದ್ದವು. ಅವುಗಳಲ್ಲಿ ಎರಡು, ಕೇಳಿದ ಪ್ರಶ್ನೆಗೆ ಸಂಬಂಧವೇ ಇಲ್ಲದವು. ಅತ್ತ ಕೊಟ್ಟ ಗದ್ಯಭಾಗ ಓದಿ ಉತ್ತರಿಸುವುದು, ಟಿಪ್ಪಣಿ ಮಾಡುವುದು, ಸರ್ವನಾಮ ಯಾರನ್ನು ಸೂಚಿಸುತ್ತದೆಂದು ಬರೆಯುವುದು, ಉದ್ಯೋಗಕ್ಕೆ ಅರ್ಜಿ ಬರೆಯುವುದು ಇವೆಲ್ಲ ಖಾಲಿ ಬಿದ್ದಿದ್ದವು. ಪಠ್ಯ ಓದದಿದ್ದರೂ ಅಂಕ ತರಬಲ್ಲ ಭಾಗವನ್ನೇ ಅವರು ಮುಟ್ಟಿರಲಿಲ್ಲ, ಏಕೆಂದರೆ ಗೈಡಿನ ಕೊನೆಯ ಪುಟಗಳಲ್ಲಿದ್ದ ಅವು ಬಾಯಿಪಾಠಕ್ಕೆ ಒಗ್ಗುವಂಥವಲ್ಲ. “ಅಮ್ಮಾ, ಇದನ್ನ ಯಾಕೆ ಬಿಟ್ರಿ?” ಎಂದು ಸಹೋದ್ಯೋಗಿ ಕೇಳಿದರೆ, “ಓದಿಲ್ಲಲ್ರಿ ಮೇಡಮ್, ಅದಕ್ಕ” ಎಂದರು. ಓದಿರದಿದ್ದರೂ ಬರೆಯಬಹುದಾದ ಪ್ರಶ್ನೆಗಳಿವೆ ಎಂಬುದನ್ನೇ ಅವರಿಗೆ ಯಾರೂ ಹೇಳಿರಲಿಲ್ಲ.

1,670 ರೂಪಾಯಿ ಉಳಿಯಿತು. ಪೂರಕ ಪರೀಕ್ಷೆ ಮೇ ಕೊನೆಯ ವಾರದಲ್ಲಿ ಆರಂಭವಾಗುವುದಿತ್ತು. ಉಳಿದ ಅವಧಿಯಲ್ಲಿ ಸಹೋದ್ಯೋಗಿ ಹೊಸ ಪಾಠ ಒಂದನ್ನೂ ಹೇಳಿಕೊಡಲಿಲ್ಲ. ದಿನಕ್ಕೊಂದು ಗದ್ಯಭಾಗ, ದಿನಕ್ಕೊಂದು ಟಿಪ್ಪಣಿ, ಎರಡು ದಿನಕ್ಕೊಮ್ಮೆ ಒಂದು ಅರ್ಜಿ, ಇಷ್ಟೇ. ಅರ್ಜಿಯ ಚೌಕಟ್ಟು ಮಾತ್ರ ಬಾಯಿಪಾಠ. ಹುದ್ದೆ ಮತ್ತು ವಿದ್ಯಾರ್ಹತೆ ಪ್ರತಿ ಸಲವೂ ಬೇರೆ. ಜೂನ್ ಮೂರನೆಯ ವಾರ ಫಲಿತಾಂಶ ಬಂದಾಗ ಇಂಗ್ಲಿಷಿನಲ್ಲಿ 41 ಅಂಕಗಳಿದ್ದವು. ಆರುನೂರಕ್ಕೆ ಒಟ್ಟು 343, ದ್ವಿತೀಯ ದರ್ಜೆ.

ಪದವಿ ಪ್ರವೇಶ

ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ವ್ಯಾಪ್ತಿಯ ಒಂದು ಕಾಲೇಜಿನಲ್ಲಿ ಬಿ.ಎ.ಗೆ ಅರ್ಜಿ ಹಾಕಿದರು. ಅರ್ಜಿ ತುಂಬುವುದೆಲ್ಲ ರಾಜ್ಯದ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಜಾಲತಾಣದಲ್ಲಿ. ಅದು ಸುಸೂತ್ರವಾಗಿ ಮುಗಿಯಿತು. ದಾಖಲೆ ಪರಿಶೀಲನೆಯ ದಿನ ವರ್ಗಾವಣೆ ಪತ್ರ ಕೇಳಿದರು. ಖಾಸಗಿ ಅಭ್ಯರ್ಥಿಗೆ ಪಿಯು ಕಾಲೇಜಿನ ಟಿ.ಸಿ. ಎಲ್ಲಿಂದ ಬರಬೇಕು? ಪ್ರೌಢಶಾಲೆಯದನ್ನಾದರೂ ಕೊಡಿ ಎಂದರು. ಅದು 2010ರಲ್ಲಿ ಒಂದು ತಿಂಗಳು ಹೋಗಿ ಬಿಟ್ಟ ಪಿಯು ಕಾಲೇಜಿನ ಕಡತದಲ್ಲಿ ಉಳಿದಿತ್ತು. ಆ ಕಾಲೇಜಿಗೆ ಮೂರು ಬಾರಿ ಹೋಗಬೇಕಾಯಿತು. ಮೊದಲ ಸಲ ಗುಮಾಸ್ತರು ರಜೆ, ಎರಡನೆಯ ಸಲ ಹಳೆಯ ಕಡತಗಳ ಕೋಣೆಯ ಬೀಗದ ಕೈ ಇರಲಿಲ್ಲ, ಮೂರನೆಯ ಸಲ ಸಿಕ್ಕಿತು. ಹದಿಮೂರು ವರ್ಷದ ಹಿಂದಿನ ಆ ಹಾಳೆಯ ಮಡಿಕೆ ಹರಿದಿದ್ದರೂ ಮುದ್ರೆ ಸ್ಪಷ್ಟವಾಗಿತ್ತು. ಪಿಯುಸಿಗೆ ಸೇರಿ ಬಿಟ್ಟವರು ಖಾಸಗಿಯಾಗಿ ಪರೀಕ್ಷೆ ಕಟ್ಟುವ ಮೊದಲೇ ಆ ಕಾಲೇಜಿನಿಂದ ತಮ್ಮ ಮೂಲ ದಾಖಲೆಗಳನ್ನು ಹಿಂಪಡೆದಿಟ್ಟುಕೊಳ್ಳುವುದು ಒಳ್ಳೆಯದು. ಇದನ್ನು ನಾನು ಈಗ ಮೊದಲ ಭೇಟಿಯಲ್ಲೇ ಹೇಳುತ್ತೇನೆ.

ತರಗತಿ ಹಗಲಿನಲ್ಲಿ, ಹಾಜರಾತಿ ಕಡ್ಡಾಯ. ಘಟಕದ ಕೆಲಸ ಬಿಟ್ಟು, ದಾರ ಕತ್ತರಿಸುವ ಮತ್ತು ಗುಂಡಿ ಹಾಕುವ ಕೆಲಸವನ್ನು ಮನೆಗೆ ತರಿಸಿಕೊಂಡರು. ವರಮಾನ ಅರ್ಧಕ್ಕಿಂತ ಕಡಿಮೆಯಾಯಿತು. ವಿದ್ಯಾರ್ಥಿವೇತನವಾದರೂ ಬಂದರೆ ತೂಗಿಸಬಹುದೆಂದು ರಾಜ್ಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ ಅರ್ಜಿ ಹಾಕಲು ಕುಳಿತಾಗ ಆಧಾರ್ ಹೆಸರೂ ಅಂಕಪಟ್ಟಿಯ ಹೆಸರೂ ಹೊಂದಲಿಲ್ಲ. ಹಿಂದಿನ ವರ್ಷ ನಾನು ‘ಆಮೇಲೆ’ ಎಂದದ್ದು ಇದನ್ನೇ. ಆಧಾರ್ ತಿದ್ದಿಸಿದರೆ ಪಡಿತರ ಚೀಟಿ ಮತ್ತು ಬ್ಯಾಂಕ್ ಖಾತೆಯನ್ನೂ ತಿದ್ದಿಸಬೇಕು. ಅದೆಲ್ಲ ಮುಗಿಯುವಷ್ಟರಲ್ಲಿ ಆ ಸಾಲಿನ ಕೊನೆಯ ದಿನ ದಾಟಿತು.

ಈ ಪ್ರಕರಣವನ್ನು ಇಂದಿನವರಿಗೆ ಅನ್ವಯಿಸುವಾಗ ಕೆಲವು ಬದಲಾವಣೆಗಳನ್ನು ಗಮನಿಸಬೇಕು. 2024ರಲ್ಲಿ ಪೂರಕ ಪರೀಕ್ಷೆ ಎಂಬ ಹೆಸರು ಹೋಗಿ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂದು ವರ್ಷಕ್ಕೆ ಮೂರು ಅವಕಾಶಗಳಾದವು. ಕಲಾ ವಿಭಾಗದ ವಿಷಯಗಳಿಗೂ ಆಂತರಿಕ ಅಂಕಗಳು ಬಂದು ಪ್ರಶ್ನೆಪತ್ರಿಕೆಯ ಅಳತೆ ಬದಲಾಗಿದೆ. ಪದವಿಯಲ್ಲೂ 2024–25ರಿಂದ ಸೇರಿದವರಿಗೆ ಮೂರು ವರ್ಷದ ಪದ್ಧತಿ ಮರಳಿದೆ. ನಮ್ಮ ಅಭ್ಯರ್ಥಿ ಅದಕ್ಕೂ ಹಿಂದಿನ ತಂಡದವರು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಇಟ್ಟುಕೊಂಡು ಅಭ್ಯಾಸ ಮಾಡುವವರು ಅವು ಯಾವ ವರ್ಷದವು ಎಂದು ಮೊದಲು ನೋಡಿಕೊಳ್ಳಬೇಕು.

ಮೊದಲ ಸೆಮಿಸ್ಟರಿನಲ್ಲಿ ಅವರು ಎಲ್ಲ ಪತ್ರಿಕೆಗಳಲ್ಲಿ ತೇರ್ಗಡೆಯಾದರು. ಬಿ.ಎಡ್. ಮತ್ತು ನೇಮಕಾತಿಯ ದೃಷ್ಟಿಯಿಂದ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಇರುವ ಮೀಸಲಾತಿಯ ಅರ್ಹತಾ ಪತ್ರಕ್ಕೆ ಸಹಾಯಕ ಆಯುಕ್ತರ ಕಚೇರಿಗೆ ಅರ್ಜಿ ಸಲ್ಲಿಸುವಾಗ, ಈ ಸಲ ಅವರು ನನ್ನನ್ನು ಕೇಳುವ ಮೊದಲೇ ಎಲ್ಲ ದಾಖಲೆಗಳಲ್ಲಿನ ಹೆಸರನ್ನು ಒಂದೊಂದೇ ಅಕ್ಷರ ಹೋಲಿಸಿ ನೋಡಿದ್ದರು. ಪ್ರಾಥಮಿಕ ಶಾಲೆಯ ವ್ಯಾಸಂಗ ಪ್ರಮಾಣಪತ್ರದಲ್ಲಿ ಹೆಸರಿನ ಒಂದು ದೀರ್ಘಾಕ್ಷರ ತಪ್ಪಾಗಿತ್ತು. ಅದನ್ನು ಸರಿಪಡಿಸಿಕೊಂಡು ಬರಲು ಮರುದಿನವೇ ಆ ಶಾಲೆಗೆ ಹೋದರು.